ಯುರೋಪಿನ ಕಂಪನಿಗಳಿಗೆ ಸಾಫ್ಟ್‌ವೇರ್ ಕೊರತೆಯಿಲ್ಲ, ಐಟಿ ಮುಖ್ಯಸ್ಥರ ಮಾತಿಗೆ ಬೆಲೆ ಸಿಗಬೇಕು

2018ರ ಜುಲೈನಲ್ಲಿ ಜರ್ಮನಿಯ ಸೂಪರ್‌ಮಾರ್ಕೆಟ್ ಕಂಪನಿ ಲಿಡ್ಲ್ ತನ್ನ ಒಂದು ದೊಡ್ಡ ಐಟಿ ಪ್ರಾಜೆಕ್ಟನ್ನು ಕೈಬಿಟ್ಟಿತು. 2011ರಲ್ಲಿ ಶುರುವಾಗಿದ್ದ ಕೆಲಸ ಅದು. ಖರೀದಿ, ಗೋಡೌನು, ಸ್ಟಾಕ್, ಅಂಗಡಿ ಎಲ್ಲವನ್ನೂ ಎಸ್‌ಎಪಿ ಸಾಫ್ಟ್‌ವೇರ್ ಮೇಲೆ ತರಬೇಕು ಅನ್ನೋದು ಉದ್ದೇಶ. ಏಳು ವರ್ಷದಲ್ಲಿ ಸುಮಾರು 50 ಕೋಟಿ ಯುರೋ ಖರ್ಚಾಗಿತ್ತು ಅಂತ ಅಲ್ಲಿನ ಪತ್ರಿಕೆಗಳು ಬರೆದವು. ಲಿಡ್ಲ್ ಬಡ ಕಂಪನಿಯಲ್ಲ. ಎಸ್‌ಎಪಿ 1972ರಿಂದ ಇದೇ ಕೆಲಸ ಮಾಡಿಕೊಂಡು ಬಂದಿರುವ ಕಂಪನಿ. ಎರಡೂ ಜರ್ಮನಿಯವೇ. ಹಾಗಿದ್ದರೆ ಕೆಟ್ಟಿದ್ದೆಲ್ಲಿ?

ವರದಿಗಳಲ್ಲಿ ಮತ್ತೆ ಮತ್ತೆ ಬಂದ ಕಾರಣ ಕೇಳಿದರೆ ಆಶ್ಚರ್ಯ ಆಗುತ್ತದೆ. ಗೋಡೌನಿನಲ್ಲಿ ಒಂದು ಬಿಸ್ಕತ್ ಪ್ಯಾಕ್ ಇದೆ ಅಂದುಕೊಳ್ಳಿ. ಅದನ್ನು ಸ್ಟಾಕ್ ಲೆಕ್ಕದಲ್ಲಿ ಕೊಂಡ ಬೆಲೆಗೆ ತೋರಿಸಬೇಕೋ, ಮಾರುವ ಬೆಲೆಗೆ ತೋರಿಸಬೇಕೋ? ಲಿಡ್ಲ್ ಕೊಂಡ ಬೆಲೆಗೆ ತೋರಿಸುತ್ತಿತ್ತು. ಎಸ್‌ಎಪಿಯ ರಿಟೇಲ್ ಸಾಫ್ಟ್‌ವೇರು ಮಾರುವ ಬೆಲೆಯ ಲೆಕ್ಕಕ್ಕೆ ಹೊಂದುವಂತೆ ಇತ್ತು. ಲಿಡ್ಲ್ ತನ್ನ ಪದ್ಧತಿ ಬಿಡಲು ಒಪ್ಪಲಿಲ್ಲ, ಸಾಫ್ಟ್‌ವೇರನ್ನೇ ತನಗೆ ಬೇಕಾದ ಹಾಗೆ ತಿದ್ದಿಸಿತು. ಇಂಥ ಸಿಸ್ಟಂನಲ್ಲಿ ಒಂದು ಕಡೆ ಕೈ ಹಾಕಿದರೆ ಅದಕ್ಕೆ ಅಂಟಿಕೊಂಡ ಹತ್ತು ಕಡೆ ತಿದ್ದಬೇಕಾಗುತ್ತದೆ, ಆಮೇಲೆ ಹೊಸ ವರ್ಷನ್ ಬಂದಾಗಲೆಲ್ಲ ತಿದ್ದಿದ್ದನ್ನೆಲ್ಲ ಮತ್ತೆ ಟೆಸ್ಟ್ ಮಾಡಬೇಕು, ಕೊನೆಗೆ ಅದು ಕೊಂಡ ಸಾಫ್ಟ್‌ವೇರೂ ಅಲ್ಲ, ಸ್ವಂತದ್ದೂ ಅಲ್ಲ ಅನ್ನೋ ಸ್ಥಿತಿಗೆ ಬಂದು ನಿಲ್ಲುತ್ತದೆ.

ಕೊಂಡ ಬೆಲೆಯ ಪದ್ಧತಿ ತಪ್ಪು ಅಂತ ನಾನು ಹೇಳುತ್ತಿಲ್ಲ. ಲಿಡ್ಲ್ ಅಷ್ಟು ಕಡಿಮೆ ಬೆಲೆಗೆ ಮಾರೋದರಲ್ಲಿ ಆ ಲೆಕ್ಕಕ್ಕೂ ಒಂದು ಪಾಲು ಇದ್ದಿರಬಹುದು. ಆದರೆ ಅದನ್ನು ಉಳಿಸಿಕೊಳ್ಳುತ್ತೇವೋ ಬಿಡುತ್ತೇವೋ ಅನ್ನೋ ತೀರ್ಮಾನ ಸಾಫ್ಟ್‌ವೇರ್ ಆರಿಸುವ ಮುಂಚೆ ಆಗಬೇಕಿತ್ತು. ಉಳಿಸಿಕೊಳ್ಳೋದಾದರೆ ಬೇರೆ ಸಾಫ್ಟ್‌ವೇರ್ ನೋಡಬೇಕು, ಬಿಡೋದಾದರೆ ಅಕೌಂಟ್ಸ್‌ನವರನ್ನು ಕೂರಿಸಿಕೊಂಡು ಒಪ್ಪಿಸಬೇಕು. ಈ ಮಾತನ್ನು ಹೇಳಬೇಕಾದವರು ಕಂಪನಿಯ ಟೆಕ್ನಾಲಜಿ ಮುಖ್ಯಸ್ಥರು, ಅಂದರೆ ಸಿಐಒ ಅಥವಾ ಸಿಟಿಒ. ಯುರೋಪಿನ ಕಂಪನಿಗಳು ಅಮೆರಿಕ, ಚೀನಾದ ಜೊತೆ ಪೈಪೋಟಿ ಮಾಡಬೇಕಾದರೆ ಏನಾಗಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಇದನ್ನೇ: ಕೆಲಸದ ರೀತಿ ಬದಲಾಗದೆ ಸಾಫ್ಟ್‌ವೇರ್ ಬದಲಾದರೆ ಪ್ರಯೋಜನವಿಲ್ಲ ಅಂತ ಹೇಳುವ ಧೈರ್ಯ ಇರುವ ಐಟಿ ಮುಖ್ಯಸ್ಥರು ಬೇಕು, ಹಾಗೆ ಹೇಳಿದಾಗ ಕೇಳಿಸಿಕೊಳ್ಳುವ ಆಡಳಿತ ಮಂಡಳಿಯೂ ಬೇಕು.

ಮೊದಲು ರೋಗ ಏನು ಅಂತ ನೋಡೋಣ. 2024ರ ಸೆಪ್ಟೆಂಬರ್‌ನಲ್ಲಿ ಮಾರಿಯೋ ದ್ರಾಗಿ ಒಂದು ವರದಿ ಕೊಟ್ಟರು. ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಅಧ್ಯಕ್ಷರಾಗಿ, ಇಟಲಿಯ ಪ್ರಧಾನಿಯಾಗಿ ಕೆಲಸ ಮಾಡಿದವರು ಅವರು. ಯುರೋಪಿನ ಪೈಪೋಟಿ ಶಕ್ತಿ ಯಾಕೆ ಕುಗ್ಗುತ್ತಿದೆ ಅನ್ನೋದೇ ಆ ವರದಿಯ ವಿಷಯ, ಮತ್ತು ಅದರಲ್ಲಿ ಮುಚ್ಚುಮರೆ ಇಲ್ಲ. ಜಗತ್ತಿನ ಅತಿ ದೊಡ್ಡ 50 ಟೆಕ್ ಕಂಪನಿಗಳಲ್ಲಿ ಯುರೋಪಿನವು ಬರೀ ನಾಲ್ಕು. 2008ರಿಂದ 2021ರವರೆಗೆ ಯುರೋಪಿನಲ್ಲಿ ಹುಟ್ಟಿದ 147 ಯೂನಿಕಾರ್ನ್‌ಗಳಲ್ಲಿ, ಅಂದರೆ 100 ಕೋಟಿ ಡಾಲರ್‌ಗಿಂತ ಹೆಚ್ಚು ಬೆಲೆಬಾಳುವ ಹೊಸ ಕಂಪನಿಗಳಲ್ಲಿ, 40 ತಮ್ಮ ಹೆಡ್ ಆಫೀಸನ್ನು ಹೊರಗೆ ಒಯ್ದವು, ಹೆಚ್ಚಿನವು ಅಮೆರಿಕಕ್ಕೆ. ಕಳೆದ 20 ವರ್ಷದ ಲೆಕ್ಕದಿಂದ ಟೆಕ್ ವಲಯವನ್ನು ಪಕ್ಕಕ್ಕಿಟ್ಟು ನೋಡಿದರೆ ಯುರೋಪಿನ ಉತ್ಪಾದಕತೆ ಹೆಚ್ಚು ಕಡಿಮೆ ಅಮೆರಿಕದಷ್ಟೇ ಬೆಳೆದಿದೆ. ಅಂದರೆ ಅಂತರ ಬಿದ್ದಿರೋದು ಬಹುಪಾಲು ಇದೊಂದು ಕಡೆ. ಸರಿಪಡಿಸೋಕೆ ವರ್ಷಕ್ಕೆ ಹೆಚ್ಚುವರಿಯಾಗಿ 75,000ದಿಂದ 80,000 ಕೋಟಿ ಯುರೋ ಹೂಡಿಕೆ ಬೇಕು ಅಂದರು ದ್ರಾಗಿ.

ಈ ದೊಡ್ಡ ಸಂಖ್ಯೆ ಸುದ್ದಿಯಾಯಿತು. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು ಲೆಕ್ಕ. ಯುರೋಪಿಯನ್ ಒಕ್ಕೂಟದ ಅಂಕಿಅಂಶ ಕಚೇರಿ ಯುರೋಸ್ಟಾಟ್ ಪ್ರತಿ ವರ್ಷ ಕಂಪನಿಗಳನ್ನು ಕೇಳುತ್ತದೆ, ನೀವು ಎಐ ಬಳಸುತ್ತಿದ್ದೀರಾ ಅಂತ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿಗಳಲ್ಲಿ 2023ರಲ್ಲಿ ಹೌದು ಅಂದವರು ಶೇ 8. 2024ರಲ್ಲಿ ಶೇ 13.5. 2025ರಲ್ಲಿ ಶೇ 20. ಏರುತ್ತಿದೆ, ಒಳ್ಳೆಯದೇ. ಆದರೆ 2024ರ ಲೆಕ್ಕವನ್ನು ಬಿಡಿಸಿ ನೋಡಿ. ದೊಡ್ಡ ಕಂಪನಿಗಳಲ್ಲಿ ಶೇ 41, ಸಣ್ಣ ಕಂಪನಿಗಳಲ್ಲಿ ಶೇ 11. ಯುರೋಪಿನ ಬೆನ್ನೆಲುಬು ಅಂದರೆ ಇದೇ ಸಣ್ಣ, ಮಧ್ಯಮ ಕಂಪನಿಗಳು. ಒಂದು ಊರಲ್ಲಿ ಕೂತು ಇಡೀ ಜಗತ್ತಿಗೆ ಒಂದೇ ಜಾತಿಯ ಪಂಪು, ಬೇರಿಂಗು, ವಾಲ್ವು ಮಾಡಿ ಕಳಿಸುವವರು, ಮೂರು ತಲೆಮಾರಿನಿಂದ ಒಂದೇ ಕುಟುಂಬ ನಡೆಸಿಕೊಂಡು ಬಂದಿರುವ ಫ್ಯಾಕ್ಟರಿಗಳು. ಹೊಸದನ್ನು ಕಂಡುಹಿಡಿಯೋದರಲ್ಲಿ ಯುರೋಪ್ ಹಿಂದೆ ಬಿದ್ದಿದೆ ಅಂತ ಎಲ್ಲರೂ ಹೇಳುತ್ತಾರೆ, ಕಂಡುಹಿಡಿದದ್ದು ಇವರ ಬಾಗಿಲು ತಲುಪುತ್ತಿಲ್ಲ ಅನ್ನೋದು ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ತೊಂದರೆ.

ಇವರ ಕಷ್ಟ ಸಣ್ಣದಲ್ಲ. ದ್ರಾಗಿ ವರದಿ ಪ್ರಕಾರ ಅಲ್ಲಿನ ಫ್ಯಾಕ್ಟರಿಗಳು ಕರೆಂಟಿಗೆ ಅಮೆರಿಕದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ ಕೊಡುತ್ತವೆ. ಸಂಬಳ ಜಾಸ್ತಿ, ಕೆಲಸಕ್ಕೆ ಬರುವ ವಯಸ್ಸಿನವರು ಕಡಿಮೆಯಾಗುತ್ತಿದ್ದಾರೆ. ಕರೆಂಟ್ ಬಿಲ್ಲು ಫ್ಯಾಕ್ಟರಿ ಮಾಲೀಕರ ಕೈಲಿಲ್ಲ. ಅವರ ಕೈಲಿರೋದು ಎಷ್ಟು ಮಾಲು ಕೆಟ್ಟು ಹೋಗುತ್ತದೆ, ಆರ್ಡರ್ ಬಂದು ಎಷ್ಟು ದಿನಕ್ಕೆ ಮಾಲು ಹೊರಡುತ್ತದೆ, ಮಷೀನು ಎಷ್ಟು ಹೊತ್ತು ಸುಮ್ನೆ ನಿಂತಿರುತ್ತದೆ ಅನ್ನೋದು. ಡಿಜಿಟಲ್ ಬದಲಾವಣೆ ಅಂದರೆ ಇಷ್ಟೇ. ಈ ಮೂರು ಲೆಕ್ಕ ಸುಧಾರಿಸಬೇಕು. ಎಷ್ಟು ಆ್ಯಪ್ ಮಾಡಿದಿರಿ, ಎಷ್ಟು ಸರ್ವರ್ ಕ್ಲೌಡಿಗೆ ಹೋಯಿತು ಅಂತ ಬೋರ್ಡಿಗೆ ತೋರಿಸುವ ಐಟಿ ಮುಖ್ಯಸ್ಥರಿಗಿಂತ, ಕೆಟ್ಟು ಹೋಗುವ ಮಾಲು ಎಷ್ಟು ಕಡಿಮೆಯಾಯಿತು ಅಂತ ತೋರಿಸುವವರ ಮಾತಿಗೆ ತೂಕ ಜಾಸ್ತಿ ಇರುತ್ತದೆ, ಅಲ್ವಾ?

ಇದನ್ನು ಚೆನ್ನಾಗಿ ಮಾಡಿ ತೋರಿಸಿದ ಜಾಗ ಒಂದಿದೆ. ಜರ್ಮನಿಯ ಬವೇರಿಯಾದಲ್ಲಿ ಆಂಬರ್ಗ್ ಅನ್ನೋ ಊರು. ಅಲ್ಲಿ ಸೀಮೆನ್ಸ್ 1989ರಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿ ಶುರು ಮಾಡಿತು. ಅಲ್ಲಿ ತಯಾರಾಗೋದು ಸಿಮ್ಯಾಟಿಕ್ ಕಂಟ್ರೋಲರ್‌ಗಳು, ಅಂದರೆ ಬೇರೆ ಫ್ಯಾಕ್ಟರಿಗಳ ಮಷೀನುಗಳನ್ನು ನಡೆಸುವ ಪೆಟ್ಟಿಗೆಗಳು. ಈ ಫ್ಯಾಕ್ಟರಿಯನ್ನು ನಡೆಸೋದೂ ಅದೇ ಪೆಟ್ಟಿಗೆಗಳೇ. ಅಂದಿನಿಂದ ಜಾಗ ಹೆಚ್ಚಿಲ್ಲ, ಕೆಲಸಗಾರರ ಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ ಇದೆ, ಉತ್ಪಾದನೆ ಮಾತ್ರ ಹಲವು ಪಟ್ಟು ಏರಿದೆ. ಲೈನಿನಲ್ಲಿ ಸಾಗುವ ಪ್ರತಿ ಸರ್ಕ್ಯೂಟ್ ಬೋರ್ಡಿಗೂ ಒಂದು ಕೋಡ್ ಇರುತ್ತದೆ. ಯಾವ ಸ್ಟೇಷನ್‌ನಲ್ಲಿ ಎಷ್ಟು ಬಿಸಿಯಲ್ಲಿ ಬೆಸುಗೆ ಆಯಿತು, ಎಲ್ಲಿ ತಪ್ಪು ಬಂತು ಅನ್ನೋದೆಲ್ಲ ಆ ಕೋಡಿನ ಜೊತೆ ಸೇರುತ್ತಾ ಹೋಗುತ್ತದೆ. ತಪ್ಪು ಸಿಕ್ಕ ಕೂಡಲೇ ಅದು ಯಾವ ಹಂತದಲ್ಲಿ ಹುಟ್ಟಿತು ಅಂತ ಹುಡುಕಿ ಸರಿ ಮಾಡಬಹುದು.

ಆಂಬರ್ಗ್ ಬಗ್ಗೆ ಬರೆಯುವವರು ರೋಬೋಟ್‌ಗಳ ಫೋಟೋ ಹಾಕುತ್ತಾರೆ. ನನಗೆ ಇಷ್ಟವಾಗೋದು ಎರಡು ಬೇರೆ ಸಂಗತಿ. ಒಂದು, ಇದು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಸ್ವಲ್ಪ ಸ್ವಲ್ಪವಾಗಿ ಆದ ಕೆಲಸ. ಎರಡು, ಲೈನಿನಲ್ಲಿ ನಿಂತು ಕೆಲಸ ಮಾಡುವವರೇ ಇಲ್ಲಿ ಹೀಗೆ ಬದಲಿಸಿದರೆ ಚೆನ್ನಾಗಿರುತ್ತದೆ ಅಂತ ಸಲಹೆ ಕೊಡುತ್ತಾರೆ, ಅದು ಜಾರಿಯಾದರೆ ಅವರಿಗೆ ಹಣ ಸಿಗುತ್ತದೆ. ಫ್ಯಾಕ್ಟರಿಯ ಒಳಗೆ ಕಾಲಿಡದೆ ಹೆಡ್ ಆಫೀಸಿನಲ್ಲೇ ಕೂತು ಡಿಜಿಟಲ್ ಪ್ಲಾನ್ ಬರೆಯುವ ಐಟಿ ಮುಖ್ಯಸ್ಥರಿಗೆ ಇದು ಎಂದಿಗೂ ಸಿಗುವುದಿಲ್ಲ.

ಇದಕ್ಕೆ ಎದುರಾದ ಉದಾಹರಣೆ ಫೋಕ್ಸ್‌ವ್ಯಾಗನ್. ಕಾರು ಇನ್ನು ಮುಂದೆ ಸಾಫ್ಟ್‌ವೇರ್ ಮೇಲೆ ನಡೆಯುತ್ತದೆ ಅಂತ ಅವರಿಗೆ ಬೇಗನೇ ಗೊತ್ತಾಯಿತು. 2020ರಲ್ಲಿ ಕ್ಯಾರಿಯಡ್ ಅನ್ನೋ ಪ್ರತ್ಯೇಕ ಸಾಫ್ಟ್‌ವೇರ್ ಕಂಪನಿಯ ಕೈಗೆ ಎಲ್ಲ ಬ್ರ್ಯಾಂಡ್‌ಗಳ ಕೆಲಸ ಕೊಟ್ಟರು. ಒಬ್ಬೊಬ್ಬರದು ಒಂದೊಂದು ಬೇಡಿಕೆ. ಸಾಫ್ಟ್‌ವೇರ್ ತಡವಾಯಿತು, ಅದರಿಂದ ಪೋರ್ಷೆ ಮಕಾನ್, ಆಡಿ ಕ್ಯೂ6ರ ಎಲೆಕ್ಟ್ರಿಕ್ ಮಾದರಿಗಳೂ ತಡವಾದವು. 2024ರಲ್ಲಿ ಅಮೆರಿಕದ ರಿವಿಯನ್ ಜೊತೆ 580 ಕೋಟಿ ಡಾಲರ್‌ವರೆಗಿನ ಒಪ್ಪಂದ ಮಾಡಿಕೊಂಡು ಅವರ ಸಾಫ್ಟ್‌ವೇರ್ ತಂತ್ರಜ್ಞಾನ ಪಡೆಯಬೇಕಾಯಿತು. ಹಣ ಇತ್ತು, ಜನ ಇದ್ದರು. ಯಾವ ಬೇಡಿಕೆಗೆ ಹೌದು, ಯಾವುದಕ್ಕೆ ಇಲ್ಲ ಅಂತ ಹೇಳುವ ಅಧಿಕಾರ ಒಂದೇ ಕಡೆ ಇರಲಿಲ್ಲ ಅನ್ನೋದು ನನ್ನ ಓದು.

ಈಗ ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇಲ್ಲಿ ಐಟಿ ಮುಖ್ಯಸ್ಥರ ಹೊಣೆ ಎಷ್ಟು ಅನ್ನೋದನ್ನು ಸರ್ಕಾರಿ ನಿಯಂತ್ರಕರೇ ಬರೆದು ಹೇಳಿದ್ದಾರೆ. ಟಿಎಸ್‌ಬಿ ಮೊದಲು ಲಾಯ್ಡ್ಸ್ ಬ್ಯಾಂಕಿನ ಭಾಗ, ಅದರ ಸಿಸ್ಟಂ ಮೇಲೇ ಬಾಡಿಗೆ ಕೊಟ್ಟು ನಡೆಯುತ್ತಿತ್ತು. 2015ರಲ್ಲಿ ಸ್ಪೇನಿನ ಸಬಾದೆಲ್ ಬ್ಯಾಂಕ್ ಅದನ್ನು ಕೊಂಡಿತು. ಬಾಡಿಗೆ ಉಳಿಸೋಕೆ ಗ್ರಾಹಕರ ಲೆಕ್ಕವನ್ನೆಲ್ಲ ಸಬಾದೆಲ್‌ನ ಸಿಸ್ಟಂಗೆ ವರ್ಗಾಯಿಸಬೇಕು ಅಂತ ತೀರ್ಮಾನವಾಯಿತು. 2018ರ ಏಪ್ರಿಲ್ 20, ಶುಕ್ರವಾರ ಸಂಜೆ ವರ್ಗಾವಣೆ ಶುರು. 52 ಲಕ್ಷ ಗ್ರಾಹಕರ ಡೇಟಾ, ಬಹುಪಾಲು ಒಂದೇ ವಾರಾಂತ್ಯದಲ್ಲಿ.

ಡೇಟಾ ಸರಿಯಾಗೇ ಹೋಯಿತು. ಭಾನುವಾರ ಸಂಜೆ ಸೇವೆ ಮತ್ತೆ ಶುರು ಮಾಡಿದಾಗ ಸಿಸ್ಟಂ ಕುಸಿಯಿತು. 19 ಲಕ್ಷದಷ್ಟು ಜನರಿಗೆ ತಮ್ಮ ಖಾತೆಗೆ ಹೋಗೋಕೆ ಆಗಲಿಲ್ಲ, ಕೆಲವರಿಗೆ ಬೇರೆಯವರ ಖಾತೆ ಕಾಣಿಸಿತು. ಎಲ್ಲ ಸರಿಹೋಗೋಕೆ ಡಿಸೆಂಬರ್ ಬಂತು. ಆಮೇಲೆ ನಡೆದ ಸ್ವತಂತ್ರ ತನಿಖೆಯಲ್ಲಿ ಒಂದು ಸಂಗತಿ ಹೊರಬಿತ್ತು. ಹೊಸ ಸಿಸ್ಟಂ ಎರಡು ಡೇಟಾ ಸೆಂಟರ್‌ಗಳ ಮೇಲೆ ನಡೆಯಬೇಕಿತ್ತು, ಆದರೆ ಒಟ್ಟಿಗೆ ಬಹಳ ಜನ ಬಂದರೆ ತಡೆದುಕೊಳ್ಳುತ್ತದಾ ಅಂತ ನೋಡುವ ಲೋಡ್ ಟೆಸ್ಟ್ ಮಾಡಿದ್ದು ಒಂದರಲ್ಲಿ ಮಾತ್ರ.

ನಿಯಂತ್ರಕರು ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಹಾಕಿದರು. 2023ರ ಏಪ್ರಿಲ್‌ನಲ್ಲಿ ಆಗಿನ ಸಿಐಒಗೂ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು. ಆದೇಶದ ತಿರುಳು ಸರಳ. ಕೆಲಸವನ್ನು ಮಾಡುತ್ತಿದ್ದದ್ದು ಸಬಾದೆಲ್‌ನದೇ ಐಟಿ ಕಂಪನಿ, ಅದರ ಕೆಳಗೆ ಹತ್ತಾರು ಬೇರೆ ಕಂಪನಿಗಳು. ನಾವು ರೆಡಿ ಅಂತ ಆ ಕಂಪನಿ ಹೇಳಿದ್ದನ್ನು, ಅವರು ನಿಜವಾಗಿ ರೆಡಿ ಇದ್ದಾರಾ ಅಂತ ಸಾಕಷ್ಟು ಪರೀಕ್ಷಿಸದೆ ಸಿಐಒ ನಂಬಿದರು ಅನ್ನೋದು ಆರೋಪ. ಕೆಲಸ ಹೊರಗೆ ಕೊಡಬಹುದು, ಹೊಣೆ ಕೊಡೋಕೆ ಬರಲ್ಲ. ನಮ್ಮ ಬೆಂಗಳೂರಿನಲ್ಲಿ ವೆಂಡರ್ ಕಡೆ ಕೂತು ಎಲ್ಲ ಸರಿಯಿದೆ ಅಂತ ಹಸಿರು ಬಣ್ಣದ ಸ್ಟೇಟಸ್ ರಿಪೋರ್ಟ್ ಕಳಿಸುವ ಎಷ್ಟೋ ಜನ ಈ ಆದೇಶವನ್ನು ಒಮ್ಮೆ ಓದಬೇಕು. ಹಳದಿ ಇರೋದನ್ನು ಹಸಿರು ಅಂತ ಬರೆದರೆ ಅದರ ಪೆಟ್ಟು ಯಾರದೋ ಪಿಂಚಣಿ ಖಾತೆಗೆ ತಗಲುತ್ತದೆ.

ಸೈಬರ್ ಸುರಕ್ಷತೆಯ ಕಥೆಯೂ ಇದಕ್ಕೆ ಹತ್ತಿರದ್ದೇ. ಡೆನ್ಮಾರ್ಕಿನ ಹಡಗು ಕಂಪನಿ ಮ್ಯಾಸ್ಕ್ ಮೇಲೆ 2017ರ ಜೂನ್ 27ರಂದು ನಾಟ್‌ಪೆಟ್ಯಾ ಅನ್ನೋ ಮಾಲ್‌ವೇರ್ ಬಂತು. ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಒಂದು ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಒಳಗೆ ನುಗ್ಗಿ ಇಡೀ ಕಂಪನಿಗೆ ಹರಡಿತು. ಬಂದರುಗಳಲ್ಲಿ ಗೇಟು ತೆರೆಯಲಿಲ್ಲ, ಯಾವ ಕಂಟೇನರ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಬಳಕೆದಾರರ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್‌ಗಳು ಒಂದರ ಬೆನ್ನಿಗೆ ಒಂದು ಹೋದವು. ಒಂದು ಉಳಿದಿತ್ತು, ಘಾನಾದ ಆಫೀಸಿನಲ್ಲಿ. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ ಆ ಮಷೀನು ನೆಟ್‌ವರ್ಕಿನಿಂದ ಕಳಚಿಕೊಂಡಿತ್ತು. ಲಾಗಿನ್ ವ್ಯವಸ್ಥೆಯನ್ನು ಮತ್ತೆ ಕಟ್ಟೋಕೆ ಅದರಲ್ಲಿದ್ದ ಡೇಟಾ ಬ್ರಿಟನ್ನಿಗೆ ಬರಬೇಕಿತ್ತು, ಆದರೆ ಅಲ್ಲಿನ ಸಿಬ್ಬಂದಿಗೆ ಬ್ರಿಟನ್ ವೀಸಾ ಇರಲಿಲ್ಲ. ಹಾಗಾಗಿ ಒಬ್ಬರು ಹಾರ್ಡ್ ಡ್ರೈವ್ ಹಿಡಿದುಕೊಂಡು ನೈಜೀರಿಯಾಕ್ಕೆ ಹಾರಿದರು, ಏರ್‌ಪೋರ್ಟಿನಲ್ಲಿ ಇನ್ನೊಬ್ಬರ ಕೈಗೆ ಕೊಟ್ಟರು, ಅವರು ಲಂಡನ್ನಿಗೆ ಒಯ್ದರು. ಹತ್ತು ದಿನದಲ್ಲಿ 4,000 ಸರ್ವರ್, 45,000 ಪಿಸಿಗಳನ್ನು ಮತ್ತೆ ಹೊಸದಾಗಿ ಕಟ್ಟಿದ್ದಾಗಿ ಕಂಪನಿಯ ಅಧ್ಯಕ್ಷರು ಮುಂದಿನ ಜನವರಿಯಲ್ಲಿ ದಾವೋಸ್‌ನಲ್ಲಿ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರ್.

ಆಮೇಲೆ ಬಂದ ಪತ್ರಿಕಾ ವರದಿಯೊಂದರಲ್ಲಿ ಇದ್ದ ಒಂದು ವಿವರ ನನ್ನ ತಲೆಯಿಂದ ಹೋಗಿಲ್ಲ. ನೆಟ್‌ವರ್ಕನ್ನು ಭಾಗ ಮಾಡಿ ಭದ್ರಪಡಿಸುವ ಯೋಜನೆ ದಾಳಿಗೆ ಮುಂಚೆಯೇ ಮಂಜೂರಾಗಿತ್ತು, ದುಡ್ಡೂ ಇತ್ತು. ಆದರೆ ಹಿರಿಯ ಐಟಿ ಅಧಿಕಾರಿಗಳ ಬೋನಸ್ ಲೆಕ್ಕದಲ್ಲಿ ಅದು ಇರಲಿಲ್ಲ, ಹಾಗಾಗಿ ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಮನುಷ್ಯರು ಏನನ್ನು ಅಳೆದರೆ ಅದನ್ನು ಮಾಡುತ್ತಾರೆ. 2025ರ ಆಗಸ್ಟ್ ಕೊನೆಯಲ್ಲಿ ಟಾಟಾ ಮೋಟಾರ್ಸ್ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ ಮೇಲೆ ದಾಳಿ ಆದಾಗ ಸುಮಾರು ಐದು ವಾರ ಕಾರು ತಯಾರಿಕೆ ನಿಂತಿತು. ಬ್ರಿಟನ್ನಿನ ಆರ್ಥಿಕತೆಗೆ ಆದ ಪೆಟ್ಟು 190 ಕೋಟಿ ಪೌಂಡ್, 5,000ಕ್ಕೂ ಹೆಚ್ಚು ಸಂಸ್ಥೆಗಳಿಗೆ ತೊಂದರೆ ಅಂತ ಅಲ್ಲಿನ ಸೈಬರ್ ಮಾನಿಟರಿಂಗ್ ಸೆಂಟರ್ ಅಂದಾಜು ಮಾಡಿತು. ದೊಡ್ಡ ಕಂಪನಿ ಹೇಗೋ ತಡೆದುಕೊಳ್ಳುತ್ತದೆ. ಅದಕ್ಕೆ ಸೀಟು, ಗಾಜು, ಬೋಲ್ಟು ಕೊಡುವ ಸಣ್ಣ ಫ್ಯಾಕ್ಟರಿ ಒಂದು ತಿಂಗಳು ಬಿಲ್ಲು ಪಾಸಾಗದಿದ್ದರೆ ಸಂಬಳ ಹೇಗೆ ಕೊಡಬೇಕು?

ಹೀಗೆ ದೊಡ್ಡವರ ಜೊತೆ ಸಣ್ಣವರ ಗತಿ ಹೆಣೆದುಕೊಂಡಿರುವ ಕಡೆಯೇ ಯುರೋಪಿಗೆ ಒಂದು ಅವಕಾಶವೂ ಇದೆ. 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಎಲೆಕ್ಟ್ರಿಕ್ ವಾಹನದ ಬ್ಯಾಟರಿಗಳಿಗೆ ಬ್ಯಾಟರಿ ಪಾಸ್‌ಪೋರ್ಟ್ ಇರಬೇಕು ಅಂತ ಕಾನೂನು ಇದೆ. ಬ್ಯಾಟರಿ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದರಲ್ಲಿ ಯಾವ ವಸ್ತುಗಳಿವೆ, ತಯಾರಿಕೆಯಲ್ಲಿ ಎಷ್ಟು ಇಂಗಾಲ ಹೊರಬಿತ್ತು, ಮರುಬಳಕೆಯ ಲೋಹ ಎಷ್ಟು ಅನ್ನೋ ಮಾಹಿತಿ ಸಿಗಬೇಕು. ಈ ಡೇಟಾ ಕಾರು ಕಂಪನಿ ಹತ್ತಿರ ಇಲ್ಲ. ಅದು ಸೆಲ್ ಮಾಡಿದವರ ಹತ್ತಿರ ಇದೆ, ಅವರಿಗೆ ಲೋಹ ಕೊಟ್ಟವರ ಹತ್ತಿರ ಇದೆ, ಗಣಿಯವರ ಹತ್ತಿರ ಇದೆ. ಅವರಲ್ಲಿ ಯಾರೂ ತಮ್ಮ ಲೆಕ್ಕವನ್ನು ಸುಮ್ನೆ ಇನ್ನೊಬ್ಬರಿಗೆ ಕೊಡಲ್ಲ, ಕೊಟ್ಟರೆ ಮುಂದಿನ ಸಲ ಬೆಲೆ ಇಳಿಸು ಅಂತ ಕುತ್ತಿಗೆ ಮೇಲೆ ಕೂರುತ್ತಾರೆ ಅನ್ನೋ ಭಯ.

ಕ್ಯಾಟೆನಾ-ಎಕ್ಸ್ ಹುಟ್ಟಿದ್ದು ಇಂಥ ಭಯಕ್ಕೆ ಉತ್ತರವಾಗಿ. 2021ರಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್, ಬಾಷ್, ಎಸ್‌ಎಪಿ, ಸೀಮೆನ್ಸ್ ಮುಂತಾದವರು ಸೇರಿ ಶುರು ಮಾಡಿದ್ದು. ಎಲ್ಲರ ಡೇಟಾವನ್ನೂ ಒಂದೇ ಕಡೆ ಗುಡ್ಡೆ ಹಾಕುವ ವ್ಯವಸ್ಥೆ ಇದಲ್ಲ. ಡೇಟಾ ಅದರ ಒಡೆಯರ ಹತ್ತಿರವೇ ಇರುತ್ತದೆ. ಯಾರು, ಯಾವ ಕೆಲಸಕ್ಕೆ, ಎಷ್ಟನ್ನು ನೋಡಬಹುದು ಅನ್ನೋ ಷರತ್ತಿನ ಜೊತೆ ಕನೆಕ್ಟರ್ ಅನ್ನೋ ಸಾಫ್ಟ್‌ವೇರ್ ಮೂಲಕ ಅಷ್ಟು ಮಾತ್ರ ದಾಟುತ್ತದೆ. ಊರ ಕೆರೆಯ ನೀರನ್ನು ತೂಬು ಎತ್ತಿ ಸರದಿ ಪ್ರಕಾರ ಗದ್ದೆಗಳಿಗೆ ಬಿಡುವ ಹಾಗೆ, ಯಾರಿಗೆ ಎಷ್ಟು ಅನ್ನೋ ಕಟ್ಟಳೆ ಮೊದಲೇ ಇರುತ್ತದೆ. ಇದು ಗೆಲ್ಲುತ್ತದೋ ಇಲ್ಲವೋ ಅನ್ನೋದು ಸಣ್ಣ ಸಪ್ಲೈಯರ್‌ಗಳನ್ನು ಎಷ್ಟು ಸುಲಭವಾಗಿ ಒಳಗೆ ತರುತ್ತಾರೆ ಅನ್ನೋದರ ಮೇಲೆ ನಿಂತಿದೆ. ದೊಡ್ಡ ಕಂಪನಿಯ ಸಿಐಒ ತನ್ನ ಸಪ್ಲೈಯರ್‌ಗೆ 200 ಪುಟದ ಫಾರಂ ಕಳಿಸಿ ಕೈತೊಳೆದುಕೊಳ್ಳಬಹುದು, ಇಲ್ಲವೇ ತನ್ನ ಇಬ್ಬರು ಎಂಜಿನಿಯರ್‌ಗಳನ್ನು ಅಲ್ಲಿಗೆ ಕಳಿಸಿ ಕನೆಕ್ಟರ್ ಹಾಕಿಸಿಕೊಡಬಹುದು. ಎರಡನೆಯದು ಖರ್ಚಿನ ದಾರಿ ಅನಿಸಿದರೂ ಮಾಹಿತಿ ಬರೋದು ಆ ದಾರಿಯಿಂದಲೇ.

ಸರ್ಕಾರ ಒಂದು ಸರಳ ನಿಯಮ ಹಾಕಿದರೆ ಸಣ್ಣವರೂ ಬದಲಾಗುತ್ತಾರೆ ಅನ್ನೋದಕ್ಕೆ ಇಟಲಿ ಸಾಕ್ಷಿ. 2019ರ ಜನವರಿ 1ರಿಂದ ಅಲ್ಲಿ ಕಂಪನಿಗಳ ನಡುವಿನ ಇನ್‌ವಾಯ್ಸ್ ಬಹುತೇಕ ಎಲ್ಲ ಸರ್ಕಾರದ ಸಿಸ್ಟಂ ಮೂಲಕವೇ ಹೋಗಬೇಕು. ಜಿಎಸ್‌ಟಿ ಇ-ಇನ್‌ವಾಯ್ಸ್ ಮಾಡುವ ನಮ್ಮ ಅಕೌಂಟೆಂಟ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಇಲ್ಲಿ ಅದು ಶುರುವಾಗಿದ್ದು 2020ರ ಅಕ್ಟೋಬರ್‌ನಲ್ಲಿ. ಆದರೆ ಜರ್ಮನಿಯ ಕಂಪನಿಗಳು ಇ-ಇನ್‌ವಾಯ್ಸ್ ಪಡೆಯೋಕೆ ರೆಡಿ ಇರಬೇಕು ಅನ್ನೋ ನಿಯಮ ಬಂದಿದ್ದು 2025ರ ಜನವರಿಯಲ್ಲಿ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಇನ್‌ವಾಯ್ಸ್‌ಗಳಿಗೆ ಇಡೀ ಒಕ್ಕೂಟಕ್ಕೆ ಒಂದೇ ಪದ್ಧತಿ ಬರೋದು 2030ರ ಜುಲೈಗೆ. ಒಂದೇ ಮಾರುಕಟ್ಟೆ ಅಂತ ಹೇಳಿಕೊಂಡರೂ ಒಳಗೆ 27 ಬೇರೆ ಬೇರೆ ಪದ್ಧತಿ. ಹತ್ತು ದೇಶಗಳಲ್ಲಿ ಮಾರುವ ಕಂಪನಿಯ ಐಟಿ ತಂಡ ಹತ್ತು ನಮೂನೆ ಸಂಭಾಳಿಸಬೇಕು, ಟೆಕ್ಸಾಸಿನಲ್ಲಿ ಕೂತ ಕಂಪನಿಗೆ ಆ ತಲೆನೋವು ಇಷ್ಟಿಲ್ಲ.

ಕಾನೂನುಗಳ ವಿಷಯ ಬಂದರೆ ಅಲ್ಲಿನ ಐಟಿಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಜನರ ವೈಯಕ್ತಿಕ ಮಾಹಿತಿ ಕಾಪಾಡೋಕೆ 2018ರಲ್ಲಿ ಜಿಡಿಪಿಆರ್, 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದು ಹಂತ ಹಂತವಾಗಿ ಅನ್ವಯವಾಗುತ್ತಿರುವ ಎಐ ಕಾಯ್ದೆ, ಬ್ಯಾಂಕುಗಳ ಐಟಿ ಗಟ್ಟಿಯಾಗಿರಬೇಕು ಅಂತ 2025ರ ಜನವರಿಯಿಂದ ಡೋರಾ, ಡೇಟಾವನ್ನು ಯಾರು ಹೇಗೆ ಬಳಸಬಹುದು ಅನ್ನೋದಕ್ಕೆ ಅದೇ ವರ್ಷದ ಸೆಪ್ಟೆಂಬರ್‌ನಿಂದ ಡೇಟಾ ಕಾಯ್ದೆ, ಸೈಬರ್ ಸುರಕ್ಷತೆಗೆ ಎನ್‌ಐಎಸ್2. ಟೆಕ್‌ಗೆ ಸಂಬಂಧಿಸಿದ ಕಾನೂನುಗಳು ಸುಮಾರು 100, ನಿಯಂತ್ರಕ ಸಂಸ್ಥೆಗಳು 270ಕ್ಕೂ ಹೆಚ್ಚು ಅಂತ ದ್ರಾಗಿ ಎಣಿಸಿದರು. ಹೊರೆ ನಿಜವಾಗಿಯೂ ಜಾಸ್ತಿ, ಮತ್ತು 2025ರ ನವೆಂಬರ್‌ನಲ್ಲಿ ಯುರೋಪಿಯನ್ ಕಮಿಷನ್ನೇ ಇವುಗಳಲ್ಲಿ ಕೆಲವನ್ನು ಸರಳ ಮಾಡುವ ಪ್ರಸ್ತಾಪ ಮುಂದಿಟ್ಟಿತು. ಆದರೆ ಎನ್‌ಐಎಸ್2ರಲ್ಲಿ ಒಂದು ಒಳ್ಳೆಯ ಅಂಶ ಇದೆ. ಸೈಬರ್ ಸುರಕ್ಷತೆಯ ಕ್ರಮಗಳನ್ನು ಆಡಳಿತ ಮಂಡಳಿಯೇ ಒಪ್ಪಬೇಕು, ಅದರ ಸದಸ್ಯರೇ ತರಬೇತಿ ಪಡೆಯಬೇಕು, ಲೋಪವಾದರೆ ಅವರೂ ಹೊಣೆ. ಇದು ನಿಮ್ಮ ಡಿಪಾರ್ಟ್‌ಮೆಂಟ್ ವಿಷಯ ಅಂತ ಐಟಿಯವರನ್ನು ವಾಪಸ್ ಕಳಿಸುವ ಕಾಲ ಅಲ್ಲಿಗೆ ಮುಗಿಯಿತು. ಜಾಣ ಸಿಐಒಗಳು ಈ ಕಾನೂನನ್ನು ಹಿಡಿದುಕೊಂಡು ಬೋರ್ಡ್ ರೂಮಿನಲ್ಲಿ ಕುರ್ಚಿ ಕೇಳಬೇಕು.

ಕ್ಲೌಡ್, ಅಂದರೆ ಬೇರೆ ಕಂಪನಿಯ ಸರ್ವರ್‌ಗಳನ್ನು ಬಾಡಿಗೆಗೆ ಬಳಸುವ ವಿಷಯದಲ್ಲಿ ಯುರೋಪಿನ ಆತಂಕ ಈಚೆಗೆ ಬಹಳ ಏರಿದೆ. ಅಲ್ಲಿನ ಕ್ಲೌಡ್ ಮಾರುಕಟ್ಟೆಯ ಶೇ 65ಕ್ಕೂ ಹೆಚ್ಚು ಪಾಲು ಮೂರು ಅಮೆರಿಕನ್ ಕಂಪನಿಗಳ ಕೈಲಿದೆ, ಯುರೋಪಿನ ಅತಿ ದೊಡ್ಡ ಕ್ಲೌಡ್ ಕಂಪನಿಯ ಪಾಲು ಶೇ 2. ಇದಕ್ಕೆ ಎಲ್ಲವನ್ನೂ ನಾಳೆಯೇ ಸ್ವದೇಶಿ ಮಾಡಬೇಕು ಅನ್ನೋರ ಮಾತು ನನಗೆ ಒಪ್ಪಿಗೆಯಿಲ್ಲ, ಅದು ಆಗುವ ಕೆಲಸವಲ್ಲ. ಯಾವ ಡೇಟಾ ಮನೆ ಬಿಟ್ಟು ಹೋಗಬಾರದು ಅಂತ ಮೊದಲು ವಿಂಗಡಿಸಬೇಕು, ಒಂದು ಕ್ಲೌಡಿನಿಂದ ಇನ್ನೊಂದಕ್ಕೆ ಹೋಗೋಕೆ ಸಾಧ್ಯ ಅಂತ ಬರೀ ಕಾಗದದ ಮೇಲಲ್ಲ, ಒಂದು ಸಿಸ್ಟಂ ಆದರೂ ಹೊರಡಿಸಿ ನೋಡಬೇಕು. 2027ರ ಜನವರಿ 12ರಿಂದ ಹೀಗೆ ಬದಲಾಯಿಸೋಕೆ ಶುಲ್ಕ ಹಾಕುವಂತಿಲ್ಲ ಅಂತ ಡೇಟಾ ಕಾಯ್ದೆ ಹೇಳುತ್ತದೆ. ಲಿಡ್ಲ್‌ನ ಒಡೆಯರಾದ ಶ್ವಾರ್ಟ್ಸ್ ಗ್ರೂಪ್ ಈ ದಾರಿಯಲ್ಲಿ ದೊಡ್ಡ ಹೆಜ್ಜೆ ಇಟ್ಟಿದೆ. ತಮ್ಮ ಅಂಗಡಿಗಳಿಗೆ ಅಂತ ಕಟ್ಟಿಕೊಂಡ ಸ್ಟ್ಯಾಕಿಟ್ ಕ್ಲೌಡನ್ನು ಈಗ ಹೊರಗಿನವರಿಗೂ ಮಾರುತ್ತಾರೆ. ಬರ್ಲಿನ್ನಿನ ದಕ್ಷಿಣಕ್ಕಿರುವ ಲ್ಯೂಬೆನಾವ್‌ನಲ್ಲಿ 1,100 ಕೋಟಿ ಯುರೋ ವೆಚ್ಚದ ಡೇಟಾ ಸೆಂಟರ್ ಕೆಲಸ 2025ರಲ್ಲಿ ಶುರುವಾಯಿತು.

ಉಳಿದಿದ್ದು ಜನ. ಒಕ್ಕೂಟದಲ್ಲಿ ಐಟಿ ಕೆಲಸ ಗೊತ್ತಿರುವವರು ಸುಮಾರು ಒಂದು ಕೋಟಿ, 2030ಕ್ಕೆ ಎರಡು ಕೋಟಿ ಬೇಕು ಅನ್ನೋ ಗುರಿ. ಅದು ಅಷ್ಟು ಬೇಗ ಆಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಹಾಗಾಗಿಯೇ ಈ ಕಥೆಯ ಒಂದು ದೊಡ್ಡ ಪಾಲು ಬೆಂಗಳೂರಿನಲ್ಲಿ ನಡೆಯುತ್ತಿದೆ. ಎಸ್‌ಎಪಿ 1998ರಲ್ಲಿ ಇಲ್ಲಿಗೆ ಬಂತು, ಜರ್ಮನಿ ಬಿಟ್ಟರೆ ಅದರ ಅತಿ ದೊಡ್ಡ ಅಭಿವೃದ್ಧಿ ಕೇಂದ್ರ ಭಾರತದ್ದೇ. ಬಾಷ್, ಮರ್ಸಿಡಿಸ್-ಬೆಂಝ್, ಏರ್‌ಬಸ್, ಫಿಲಿಪ್ಸ್ ಎಲ್ಲರ ತಂಡಗಳೂ ಇಲ್ಲಿವೆ. ಸ್ಟುಟ್‌ಗಾರ್ಟಿನ ಫ್ಯಾಕ್ಟರಿಯಲ್ಲಿ ರಾತ್ರಿ ಒಂದು ಆರ್ಡರ್ ಸಿಕ್ಕಿಹಾಕಿಕೊಂಡರೆ ಬೆಳಿಗ್ಗೆ ಅದರ ಟಿಕೆಟ್, ಅಂದರೆ ದಾಖಲಾದ ದೂರನ್ನು ತೆರೆಯೋದು ವೈಟ್‌ಫೀಲ್ಡಿನಲ್ಲೋ ಕೋರಮಂಗಲದಲ್ಲೋ ಕೂತ ಯಾರೋ ಕನ್ನಡದ ಹುಡುಗಿ ಆಗಿರಬಹುದು.

ಅದೇ ಆರ್ಡರ್ ಪ್ರತಿ ತಿಂಗಳ ಕೊನೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಕಾರಣ ಅಲ್ಲಿನ ಒಂದು ವಿಭಾಗ ಒಂದು ಅಂಕಣವನ್ನು ಖಾಲಿ ಬಿಡುತ್ತದೆ ಅನ್ನೋದು ಆಕೆಗೆ ಗೊತ್ತಿರುತ್ತದೆ. ಆದರೆ ಅದನ್ನು ಕೇಳುವವರು ಕಡಿಮೆ. ಎಷ್ಟು ಟಿಕೆಟ್ ಮುಚ್ಚಿದೆ ಅಂತ ಮಾತ್ರ ಕೇಳುತ್ತಾರೆ. ಆಂಬರ್ಗ್‌ನಲ್ಲಿ ಲೈನಿನ ಕೆಲಸಗಾರರಿಗೆ ಸಿಗುವ ಮರ್ಯಾದೆ ಈ ಎಂಜಿನಿಯರ್‌ಗಳಿಗೂ ಸಿಗಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ಒಪ್ಪಂದದಲ್ಲಿ ಟಿಕೆಟ್ ಮುಚ್ಚಿದ್ದಕ್ಕೆ ದುಡ್ಡು ಅಂತ ಬರೆದರೆ ಟಿಕೆಟ್ ಹುಟ್ಟುತ್ತಲೇ ಇರುತ್ತವೆ, ಮತ್ತೆ ಬಾರದ ಹಾಗೆ ಮಾಡಿದ್ದಕ್ಕೆ ದುಡ್ಡು ಅಂತ ಬರೆಯಬೇಕು. ಅದನ್ನು ಬರೆಸುವ ಅಧಿಕಾರ ಅಲ್ಲಿನ ಸಿಐಒಗೆ ಇದೆ.

ಇದಕ್ಕೆ ಈಗಲೇ ಒಂದು ಸಂದರ್ಭ ಎದುರಿಗಿದೆ. ಯುರೋಪಿನ ಸಾವಿರಾರು ಕಂಪನಿಗಳು ಬಳಸುತ್ತಿರುವ ಎಸ್‌ಎಪಿಯ ಹಳೆಯ ಸಾಫ್ಟ್‌ವೇರ್ ಇಸಿಸಿಗೆ ಸಾಮಾನ್ಯ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ, ಹೆಚ್ಚು ಹಣ ಕೊಟ್ಟರೆ 2030ರವರೆಗೆ. ಎಲ್ಲರೂ ಅದರ ಹೊಸ ಪೀಳಿಗೆಯಾದ ಎಸ್/4 ಹಾನಾಗೆ ಹೋಗುವ ತರಾತುರಿಯಲ್ಲಿದ್ದಾರೆ. ಮೂಲ ಸಾಫ್ಟ್‌ವೇರನ್ನು ತಿದ್ದಬೇಡಿ, ಬೇಕಾದ್ದನ್ನು ಹೊರಗೆ ಕಟ್ಟಿಕೊಳ್ಳಿ ಅಂತ ಎಸ್‌ಎಪಿಯೇ ಹೇಳುತ್ತಿದೆ, ಅದಕ್ಕೆ ಕ್ಲೀನ್ ಕೋರ್ ಅನ್ನುತ್ತಾರೆ. ಇಪ್ಪತ್ತು ವರ್ಷದಲ್ಲಿ ಬರೆದು ಗುಡ್ಡೆ ಹಾಕಿದ ಝಡ್ ಪ್ರೋಗ್ರಾಂಗಳಲ್ಲಿ, ಅಂದರೆ ಕಂಪನಿ ತನಗೆ ಅಂತ ಎಸ್‌ಎಪಿಗೆ ಸೇರಿಸಿಕೊಂಡ ಪ್ರೋಗ್ರಾಂಗಳಲ್ಲಿ, ಯಾವುದನ್ನು ಇಂದಿಗೂ ಯಾರಾದರೂ ಓಡಿಸುತ್ತಾರೆ, ಯಾವುದು ಯಾರಿಗೂ ಬೇಡ ಅಂತ ಬಳಕೆಯ ಲೆಕ್ಕ ತೆಗೆದರೆ ಗೊತ್ತಾಗುತ್ತದೆ. ಆ ಪಟ್ಟಿಯನ್ನು ತೆಗೆದು, ಪ್ರತಿ ಸಾಲಿನ ಮುಂದೆ ಅದನ್ನು ಕೇಳಿದ ವಿಭಾಗದ ಮುಖ್ಯಸ್ಥರ ಹೆಸರು ಬರೆದು, ಇದು ಬೇಕಾ ಬೇಡವಾ ಅಂತ ಅವರ ಸಹಿ ಹಾಕಿಸಿಕೊಳ್ಳುವ ಕೆಲಸವನ್ನು ಕೋಡ್ ಮುಟ್ಟುವ ಮುಂಚೆ ಮಾಡಬೇಕು. ಸಹಿ ಹಾಕೋಕೆ ಯಾರೂ ಮುಂದೆ ಬರದ ಪ್ರೋಗ್ರಾಂಗಳನ್ನು ಹೊಸ ಸಿಸ್ಟಂಗೆ ಒಯ್ಯಬಾರದು.